ಕೇಳಬೇಡಿ, ತೋರಿಸಿಕೊಡಿ

ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸನ್ನು ಎಲ್ಲರೂ ಕೆಂಡ ಅಂತಲೇ ಕರೆಯುತ್ತಿದ್ದರು. ಇಸ್ತ್ರಿ ಪೆಟ್ಟಿಗೆಗೆ ಈಗ ಯಾರೂ ಕೆಂಡ ತುಂಬುವುದಿಲ್ಲ, ಎಲ್ಲ ಕರೆಂಟಿನವೇ. ಆದರೂ ಹೆಸರು ಹಾಗೇ ಉಳಿಯಿತು, ಅವಳ ಕೋಪ ಸದಾ ಮೂಗಿನ ತುದಿಯಲ್ಲಿ ಇರುತ್ತಿದ್ದುದರಿಂದ. ಈ ಕಥೆಯಲ್ಲಿ ಅವಳು ತುಂಬಾ ಸಲ ಕೋಪಿಸಿಕೊಳ್ಳುತ್ತಾಳೆ. ಮೊದಮೊದಲು ಆ ಕೋಪ ಬೀಳಬಾರದವರ ಮೇಲೆ ಬಿತ್ತು. ಅದನ್ನೇ ಮೊದಲು ಹೇಳಿಬಿಡುತ್ತೇನೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

"ಇದು ಯಾವ ಬುಟ್ಟಿಗೆ? ಹೇಳು."

ಅಡುಗೆಮನೆಯ ಮೇಜಿನ ಮೇಲೆ ಮೂರು ಪ್ಲಾಸ್ಟಿಕ್ ಬುಟ್ಟಿ. ಮೇಜಿನ ಆಚೆ ಕೆಂಡಳ ಅಕ್ಕ. ಅಕ್ಕನ ಕೈಯಲ್ಲಿ ಒಂದು ಬಿಳಿ ಉಣ್ಣೆಯ ಸ್ವೆಟರ್.

"ಬಿಸಿ ಬುಟ್ಟಿಗೆ," ಎಂದಳು ಅಕ್ಕ.

"ತಪ್ಪು! ಯೋಚನೆ ಮಾಡು. ಇನ್ನೊಂದ್ಸಲ ಹೇಳು."

"ಬಿಸಿ ಬುಟ್ಟಿ ಅಲ್ವೇನೇ ಪುಟ್ಟಿ?"

"ಅಲ್ಲಾ! ನಿನ್ನೆ ಹೇಳ್ಕೊಟ್ಟೆ, ಮೊನ್ನೆ ಹೇಳ್ಕೊಟ್ಟೆ. ಬೇಕು ಅಂತಲೇ ಹೀಗೆ ಮಾಡ್ತೀಯಾ? ನನ್ನ ಹೊಟ್ಟೆ ಉರಿಸೋಕೆ?"

ಅಕ್ಕ ಸ್ವೆಟರನ್ನು ಎದೆಗೆ ಒತ್ತಿಕೊಂಡಳು. ಏನು ತಪ್ಪಾಯಿತೆಂದು ಅವಳಿಗೆ ತಿಳಿಯಲಿಲ್ಲ. ತಂಗಿ ಬೈದಳೆಂದು ಮಾತ್ರ ತಿಳಿಯಿತು.

ಇದೇ ಅಕ್ಕ ಅದೇ ಲಾಂಡ್ರಿಯ ವಿಂಗಡಣೆ ಮೇಜಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವಳು. ಅಲ್ಲಿ ಬಟ್ಟೆ ವಿಂಗಡಿಸುವುದು ನೀರು ನೋಡಿಕೊಂಡು. ಹಾಸಿಗೆ ಬಟ್ಟೆ, ಟವೆಲ್ಲು, ಹೋಟೆಲಿನವರ ಏಪ್ರನ್ನು ಎಲ್ಲ ಕುದಿ ನೀರಿಗೆ, ಅದು ಬಿಸಿ ಬುಟ್ಟಿ. ಬಣ್ಣ ಬಿಡುವಂಥವು ತಣ್ಣೀರು ಬುಟ್ಟಿಗೆ. ಉಣ್ಣೆಯನ್ನು ಕೈಯಲ್ಲೇ ಒಗೆಯಬೇಕು, ಮೆಷಿನ್ನಿಗೆ ಹಾಕಿದರೆ ದೊಡ್ಡವರ ಸ್ವೆಟರ್ ಮಗುವಿನ ಸ್ವೆಟರ್ ಆಗಿ ಹೊರಗೆ ಬರುತ್ತದೆ. ಅದು ಕೈ ಬುಟ್ಟಿ. ಅಕ್ಕ ಮೂಟೆ ಬಿಚ್ಚಿ, ಪಕ್ಕದವರ ಜೊತೆ ಹರಟುತ್ತಲೇ ಎಡಕ್ಕೆ ಬಲಕ್ಕೆ ಎಸೆಯುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ.

ಒಂದು ದಿನ ಮೆಷಿನ್ನಿನ ಪಕ್ಕ ಚೆಲ್ಲಿದ ಸೋಪಿನ ನೀರಿನಲ್ಲಿ ಕಾಲು ಜಾರಿತು. ಬಿದ್ದ ರಭಸಕ್ಕೆ ತಲೆಯ ಹಿಂಭಾಗ ಕಲ್ಲಿನ ಕಟ್ಟೆಗೆ ಬಡಿಯಿತು. ಅಲ್ಲೊಂದು ರಬ್ಬರ್ ಹಾಸು ಹಾಕಿಸಿ ಎಂದು ಕೆಲಸದವರು ಎಷ್ಟು ಸಲ ಕೇಳಿದ್ದರೋ ಲೆಕ್ಕವಿಲ್ಲ. ಮೂರು ವಾರ ಆಸ್ಪತ್ರೆ. ಆಮೇಲೆ ಒಂದು ಚೀಲ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಇನ್ನು ಮುಂದೆ ಇವಳಿಗೆ ಏನನ್ನಾದರೂ ಕಲಿಸಬೇಕಾದರೆ ಹೇಗೆ ಕಲಿಸಬೇಕು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ.

ಅಕ್ಕನ ಕೈಕಾಲು ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು. ಚಿಕ್ಕಂದಿನ ಜಗಳಗಳನ್ನೆಲ್ಲ ವಿವರವಾಗಿ ಹೇಳುತ್ತಿದ್ದಳು. ಆದರೆ ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಉಳಿಯುತ್ತಿರಲಿಲ್ಲ. ಯಾವ ವಸ್ತು ಯಾವುದರ ಜೊತೆ ಇರಬೇಕು ಅನ್ನುವುದಂತೂ ಪೂರ್ತಿ ಕಲಸಿಹೋಗಿತ್ತು. ಸೋಪು ಫ್ರಿಜ್ಜಿನಲ್ಲಿ ಮೊಟ್ಟೆಯ ಪಕ್ಕ ಸಿಗುತ್ತಿತ್ತು, ಕಾಲುಚೀಲ ಚಮಚಗಳ ನಡುವೆ.

ಲಾಂಡ್ರಿಯ ಯಜಮಾನಿ ಹೇಳಿ ಕಳಿಸಿದ್ದಳು: "ಒಂದು ತಿಂಗಳು ಕಾಯ್ತೀನಿ. ಬಂದು ನನ್ನ ಕಣ್ಣೆದುರಿಗೆ ಮೂರು ಬುಟ್ಟಿಗೂ ಸರಿಯಾಗಿ ಹಾಕಿ ತೋರಿಸ್ಲಿ. ಆಗದಿದ್ರೆ ಆ ಮೇಜು ಬೇರೆಯವರಿಗೆ."

ಅಕ್ಕನಿಗೆ ಈ ಮಾತೂ ನೆನಪಿರಲಿಲ್ಲ. ದಿನವೂ ಏಳು ಗಂಟೆಗೆ ತಲೆ ಬಾಚಿಕೊಂಡು, ಕೈಚೀಲ ಹಿಡಿದು, ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಇವತ್ತು ರಜ ಅಕ್ಕ," ಎಂದು ಕೆಂಡ ದಿನಾ ಸುಳ್ಳು ಹೇಳಬೇಕಿತ್ತು. ಆ ಸುಳ್ಳು ಹೇಳಿಹೇಳಿಯೇ ಅವಳಿಗೆ ತಲೆ ಕೆಟ್ಟುಹೋಗಿತ್ತು.

ಹೀಗೆ ಹತ್ತು ದಿನ ಕಳೆದವು. ಹನ್ನೊಂದನೆಯ ದಿನ ಆಸ್ಪತ್ರೆಯಿಂದ ಮನೆಮನೆಗೆ ಬರುವ ಥೆರಪಿ ಮೇಡಂ ಬಂದರು. ಚೋಟುದ್ದದ ಹೆಂಗಸು, ಹೆಗಲಿಗೆ ತನಗಿಂತ ದೊಡ್ಡ ಚೀಲ. ಕೆಂಡಳ ಕೂಗಾಟ ಬೀದಿಗೇ ಕೇಳುತ್ತಿತ್ತು, ಹಾಗಾಗಿ ಮೇಡಂಗೆ ಯಾರ ಹತ್ತಿರವೂ ಮನೆ ವಿಚಾರಿಸುವ ಕಷ್ಟ ಬೀಳಲಿಲ್ಲ.

"ಈ ಬಿಳಿ ಸ್ವೆಟರ್ ತೋರಿಸಿದಾಗ ಮೊದಲನೇ ದಿನ ಏನಂದ್ರು?" ಎಂದು ಮೇಡಂ ಅಕ್ಕನ ಕೈಯಲ್ಲಿದ್ದುದನ್ನು ನೋಡಿ ಕೇಳಿದರು.

"ಬಿಸಿ ಬುಟ್ಟಿ ಅಂದ್ಲು."

"ಇವತ್ತು?"

"ಅದೇ! ಮೊಲಕ್ಕೆ ಮೂರೇ ಕಾಲು. ಒಂದಿನವೂ ಬದಲಾಯಿಸಲ್ಲ."

"ಇಲ್ಲಿವರೆಗೆ ಎಷ್ಟು ಸಲ ಕೇಳಿರಬಹುದು?"

"ಐವತ್ತು ಸಲ ಕೇಳಿದ್ದೀನಿ ಮೇಡಂ. ನನ್ನ ಸಹನೆ ನೋಡಿ."

"ಹಾಗಾದ್ರೆ 'ಬಿಸಿ ಬುಟ್ಟಿ' ಅನ್ನೋದನ್ನ ಐವತ್ತು ಸಲ ಅಭ್ಯಾಸ ಮಾಡಿಸಿದ್ದೀರಿ," ಎಂದರು ಮೇಡಂ. "ನಿಮ್ಮಕ್ಕ ಚೆನ್ನಾಗಿ ಕಲಿತಿದ್ದಾರೆ."

ಕೆಂಡಳ ಮೈಯೆಲ್ಲ ಉರಿದುಹೋಯಿತು. "ಏನ್ ಮೇಡಂ ಹೀಗಂತೀರಿ? ಪ್ರತಿ ಸಲಾನೂ ತಪ್ಪು ಅಂತ ಬಾಯಿ ಬಡ್ಕೊಂಡಿದ್ದೀನಿ!"

"ನೀವು ಬಾಯಿ ಬಡ್ಕೊಂಡಿದ್ದು ಅವರಿಗೆ ನೆನಪಿರಲ್ಲ. ಅವರ ಬಾಯಿ ಹೇಳಿದ್ದು, ಅವರ ಕೈ ಮಾಡಿದ್ದು ಉಳಿದುಬಿಡುತ್ತೆ. ನಾವು ನೀವು ತಪ್ಪು ಮಾಡಿದ್ರೆ, ಅವತ್ತು ಹೀಗಾಯ್ತಲ್ಲ ಅಂತ ನೆನೆಸ್ಕೊಂಡು ತಿದ್ಕೋತೀವಿ. ಆ ನೆನೆಸ್ಕೊಳ್ಳೋ ಜಾಗಕ್ಕೇ ಇವರಿಗೆ ಪೆಟ್ಟು ಬಿದ್ದಿದೆ. ಕೈಗೆ ಅಭ್ಯಾಸ ಆಗೋದು ಮಾತ್ರ ಇನ್ನೂ ಇದೆ. ಸರಿ ಮಾಡಿಸಿದ್ರೆ ಸರಿ ಅಭ್ಯಾಸ ಆಗುತ್ತೆ, ತಪ್ಪು ಮಾಡಿಸಿದ್ರೆ ತಪ್ಪು."

"ಶಾಲೇಲಿ ನಮ್ಮ ಮೇಷ್ಟ್ರು ತಪ್ಪು ಹೇಳಿದ್ರೆ ಬಾರಿಸ್ತಿದ್ರು. ನಾನು ಕಲೀಲಿಲ್ವಾ?"

"ಬಾರಿಸಿದ್ದು ಅವತ್ತೂ ತಪ್ಪೇ. ಆದ್ರೂ ಅದು ನಿಮಗೆ ಇವತ್ತಿಗೂ ನೆನಪಿದೆ ನೋಡಿ. ನಿಮ್ಮಕ್ಕನಿಗೆ ನೀವು ಹತ್ತು ನಿಮಿಷದ ಹಿಂದೆ ಬೈದಿದ್ದು ಯಾಕೆ ಅಂತ ಕೇಳಿ."

ಕೆಂಡ ಅಕ್ಕನ ಕಡೆ ತಿರುಗಿದಳು. ಅಕ್ಕ ತಂಗಿಯ ಮುಖವನ್ನೇ ನೋಡಿ ಸಣ್ಣಗೆ, "ನಾನೇನೋ ಮಾಡಿದ್ನೇನೋ ಅಲ್ವಾ? ಕೋಪ ಮಾಡ್ಕೋಬೇಡ ಕಣೇ," ಎಂದಳು.

ಆಗ ಕೆಂಡಳಿಗೆ ಹೊಡೆಸಿಕೊಂಡಷ್ಟೇ ನೋವಾಯಿತು. ಹತ್ತು ದಿನ ಕೂಗಾಡಿ ತಾನು ಅಕ್ಕನಲ್ಲಿ ಉಳಿಸಿದ್ದು ಹೆದರಿಕೆಯನ್ನು ಮಾತ್ರ. ಅವಳ ಕೋಪ ಈಗ ಮೇಡಂ ಕಡೆ ತಿರುಗಿತು. "ಇದನ್ನ ಆಸ್ಪತ್ರೆಯಿಂದ ಕಳಿಸೋವಾಗ್ಲೇ ಯಾಕೆ ಹೇಳ್ಲಿಲ್ಲ? ಮಾತ್ರೆ ಹೇಗೆ ನುಂಗಬೇಕು ಅಂತ ಮೂರು ಜನ ಹೇಳಿದ್ರು. ಇದನ್ನ ಹೇಳೋಕೆ ಒಬ್ರಿಗೂ ಬಾಯಿ ಇರ್ಲಿಲ್ವಾ?"

ಮೇಡಂ ತಲೆ ತಗ್ಗಿಸಿದರು. "ಹೇಳ್ಬೇಕಿತ್ತು. ನಮ್ಮದೇ ತಪ್ಪು. ನೀವು ಬೈಯೋದರಲ್ಲಿ ನ್ಯಾಯ ಇದೆ."

ಒಪ್ಪಿಕೊಂಡವರನ್ನು ಎಷ್ಟು ಅಂತ ಬೈಯುವುದು? ಕೆಂಡ ಕುರ್ಚಿ ಎಳೆದು ಕೂತಳು. "ಸರಿ, ಹೇಳ್ಕೊಡಿ."

ಮೇಡಂ ಮೊದಲು ಬಿಳಿ ಸ್ವೆಟರನ್ನು ತಮ್ಮ ಚೀಲದೊಳಗೆ ಹಾಕಿಕೊಂಡರು. ತಣ್ಣೀರು ಬುಟ್ಟಿಯನ್ನು ಮೇಜಿನ ಕೆಳಗೆ ಇಟ್ಟರು. ಎರಡೇ ಬುಟ್ಟಿ ಉಳಿದವು. ಒಂದು ದಪ್ಪ ಬಿಳಿ ಟವೆಲ್ಲು ಮತ್ತು ಒಂದು ಕಡು ನೀಲಿ ಉಣ್ಣೆ ಟೋಪಿ ಆರಿಸಿಕೊಂಡರು.

"ಒಂದಕ್ಕೊಂದು ಸ್ವಲ್ಪವೂ ಹೋಲದೇ ಇರೋದರಿಂದ ಶುರು ಮಾಡ್ಬೇಕು. ಈಗ ನೋಡಿ, ಪ್ರಶ್ನೆ ಕೇಳಲ್ಲ." ಅಕ್ಕನ ಕೈಯಲ್ಲಿ ಟವೆಲ್ಲಿಟ್ಟು, ಆ ಕೈ ಹಿಡಿದು ಬುಟ್ಟಿಯವರೆಗೆ ತಂದರು. "ಇದು ಟವೆಲ್ಲು. ಬಿಸಿ ಬುಟ್ಟಿ. ನೀವೂ ಹೇಳಿ ಅಮ್ಮ."

"ಟವೆಲ್ಲು. ಬಿಸಿ ಬುಟ್ಟಿ."

ಆಮೇಲೆ ಟೋಪಿ ಕೊಟ್ಟು, ಅಕ್ಕನ ಬೆರಳುಗಳ ನಡುವೆ ಉಜ್ಜಿಸಿದರು. "ಮುಟ್ಟಿ ನೋಡಿ, ಚುಚ್ಚುತ್ತೆ. ಚುಚ್ಚೋದು ಕೈ ಬುಟ್ಟಿ."

"ಚುಚ್ಚೋದು ಕೈ ಬುಟ್ಟಿ," ಎಂದಳು ಅಕ್ಕ.

"ಉತ್ತರ ನೀವೇ ಹೇಳ್ಬಿಟ್ರೆ ಅದೇನು ಕಲಿಕೆ? ಕಾಪಿ ಹೊಡೆಸಿದ ಹಾಗಾಯ್ತು!" ಎಂದಳು ಕೆಂಡ.

"ಕಾಪಿಯೇ ಹೊಡೀಲಿ. ಸರಿಯಾದದ್ದನ್ನ ನೂರು ಸಲ ಕಾಪಿ ಹೊಡೆದ್ರೆ ಆಮೇಲೆ ಅದು ಅವರದೇ ಆಗುತ್ತೆ. ಬರ್ತಾ ಬರ್ತಾ ನಿಮ್ಮ ಸಹಾಯ ಕಮ್ಮಿ ಮಾಡಿ. ಮೊದಲು ಕೈ ಹಿಡೀರಿ. ಆಮೇಲೆ ಬುಟ್ಟಿ ಕಡೆ ಬೆರಳು ತೋರಿಸಿ. ಆಮೇಲೆ ಬರೀ ನೋಡಿ. ಅವರ ಕೈ ತಪ್ಪು ಬುಟ್ಟಿ ಕಡೆ ವಾಲಿದ್ರೆ, ಬಟ್ಟೆ ಬೀಳೋಕೆ ಮೊದಲೇ ತಡೆದು ಸರಿಯಾದ ಕಡೆ ತನ್ನಿ. ಬಿದ್ದಮೇಲೆ ತಿದ್ದೋದಲ್ಲ. ಇನ್ನೊಂದು ಮಾತು, ಇದು ಬಹಳ ಮುಖ್ಯ. ಗೊತ್ತಾಗದಿದ್ರೆ ಊಹಿಸೋದು ಬೇಡ, 'ತೋರಿಸು' ಅನ್ನೋದನ್ನ ಅವರಿಗೆ ಅಭ್ಯಾಸ ಮಾಡಿಸಿ."

"ಎಲ್ರಿಗೂ ಹೀಗೇನಾ? ನಮ್ಮ ಮಕ್ಕಳಿಗೂ?"

"ಇಲ್ಲ. ನೆನಪು ಗಟ್ಟಿ ಇರೋ ಮಕ್ಕಳು ಯೋಚನೆ ಮಾಡ್ಲಿ, ತಪ್ಪು ಮಾಡ್ಲಿ, ತಿದ್ಕೊಳ್ಲಿ. ಇದು ಹೊಸ ನೆನಪು ನಿಲ್ಲದೇ ಇರೋರಿಗೆ. ತಲೆಗೆ ಪೆಟ್ಟು ಬಿದ್ದೋರು, ಮರೆವಿನ ಕಾಯಿಲೆಯವರು. ಒಬ್ಬೊಬ್ಬರದು ಒಂದೊಂದು ಥರ ಇರುತ್ತೆ, ಅದಕ್ಕೇ ನಾನು ಬಂದು ನೋಡೋದು."

ಅಂದಿನಿಂದ ಅಡುಗೆಮನೆಯಲ್ಲಿ ಕೂಗಾಟ ನಿಂತಿತು. ಕೆಂಡ ಕೆಲಸ ಮುಗಿಸಿ ಬಂದವಳೇ ಕಾಲು ಗಂಟೆ ಕೂರುತ್ತಿದ್ದಳು. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಊಟಕ್ಕೆ ಮುಂಚೆ ಮತ್ತೊಮ್ಮೆ. ಉಣ್ಣೆಯ ಬಟ್ಟೆಗಳಿಗೆಲ್ಲ ಗೇಣುದ್ದ ಕೆಂಪು ರಿಬ್ಬನ್ ಪಿನ್ನು ಮಾಡಿದಳು, ಕೈ ಬುಟ್ಟಿಯ ಹಿಡಿಗೂ ಅದೇ ರಿಬ್ಬನ್. ಸಹಾಯ ಮೆಲ್ಲಗೆ ಕಮ್ಮಿಯಾಗಲೆಂದು ಎರಡು ದಿನಕ್ಕೊಮ್ಮೆ ಬಟ್ಟೆಯ ರಿಬ್ಬನ್ನನ್ನು ಒಂದಿಷ್ಟು ಕತ್ತರಿಸುತ್ತಿದ್ದಳು. ಒಂದೇ ಟೋಪಿ ಹಿಡಿದು ಕೂತರೆ ಅಕ್ಕ ಆ ಟೋಪಿಯೊಂದನ್ನೇ ಕಲಿಯುತ್ತಾಳೆ ಎಂದು ಮೇಡಂ ಎಚ್ಚರಿಸಿದ್ದರು. ಅದಕ್ಕೇ ನೆರೆಮನೆಗಳಿಂದ ಕೈಗವಸು, ಶಾಲು, ಮಗುವಿನ ಕಾಲುಚೀಲ, ಏನು ಸಿಕ್ಕಿತೋ ಅದನ್ನೆಲ್ಲ ಕೇಳಿ ತಂದಳು. ನೀಲಿ ಆಯಿತು, ಕಂದು ಆಯಿತು, ಬೂದು ಆಯಿತು. ತಣ್ಣೀರು ಬುಟ್ಟಿಯೂ ಮೇಜಿಗೆ ಹತ್ತಿತು. ಕೊನೆಗೆ ಮಾಸಲು ಬಿಳಿಯ ಒಂದು ಶಾಲು, ಅದಕ್ಕೆ ಮತ್ತೆ ಉದ್ದ ರಿಬ್ಬನ್. ಅಕ್ಕ ಬೆರಳಲ್ಲಿ ಉಜ್ಜಿ, "ಚುಚ್ಚುತ್ತೆ," ಎಂದು ತಾನಾಗಿಯೇ ಕೈ ಬುಟ್ಟಿಗೆ ಹಾಕಿದ ಸಂಜೆ ಕೆಂಡ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಎಲ್ಲ ಸರಿಹೋಗುತ್ತಿದೆ ಅನ್ನುವಾಗ ಭಾವ ಕಲ್ಲು ಹಾಕಿದ.

ಅಕ್ಕನ ಗಂಡ ಬಸ್ ಡ್ರೈವರ್, ವಾರವೆಲ್ಲ ರೂಟಿನಲ್ಲೇ ಇರುವವನು. ಒಳ್ಳೆಯವನು, ತಮಾಷೆಯವನು. ಈ ರಿಬ್ಬನ್ನು ಬುಟ್ಟಿ ಎಲ್ಲ ಅವನಿಗೆ ಮಕ್ಕಳಾಟದ ಹಾಗೆ ಕಾಣುತ್ತಿತ್ತು. ಒಂದು ಭಾನುವಾರ ಕೆಂಡ ಮೆಟ್ಟಿಲು ಹತ್ತಿ ಬರುತ್ತಿದ್ದಾಗ ಒಳಗಿನಿಂದ ಅವನ ದನಿ ಕೇಳಿಸಿತು.

"ಎಲ್ಲಿ, ಇಷ್ಟು ದಿನದಲ್ಲಿ ಏನು ಕಲಿತಿದ್ದೀಯ ನೋಡೋಣ. ಇದ್ಯಾವ ಬುಟ್ಟಿ? ಹೇಳು, ಹೇಳು, ಬೇಗ!"

"ಬಿಸಿ ಬುಟ್ಟಿ."

"ತಪ್ಪೂ! ಯೋಚನೆ ಮಾಡೇ. ಇನ್ನೊಂದ್ಸಲ."

ಕೆಂಡ ಒಳಗೆ ನುಗ್ಗಿದಳು. ಭಾವನ ಕೈಯಲ್ಲಿ ಅಚ್ಚ ಬಿಳಿಯ ಉಣ್ಣೆ ಮಫ್ಲರು, ಬಾಯಲ್ಲಿ ನಗು. ಅಕ್ಕನ ಮುಖದಲ್ಲಿ ಅದೇ ಹಳೆಯ ಹೆದರಿಕೆ. ಕೆಂಡ ಮಫ್ಲರನ್ನು ಕಿತ್ತುಕೊಂಡಳು.

"ನಿಮಗೆ ಬುದ್ಧಿ ಇದೆಯಾ ಭಾವ? ಹದಿನೈದು ದಿನ ಕಟ್ಟಿದ್ದನ್ನ ಒಂದು ನಿಮಿಷದಲ್ಲಿ ಬೀಳಿಸಿಬಿಟ್ರಲ್ಲ!"

"ಅಯ್ಯೋ, ಪರೀಕ್ಷೆ ಮಾಡಿದೆ ಅಷ್ಟೇ. ಪರೀಕ್ಷೆ ಮಾಡದೆ ಕಲಿತಳೋ ಇಲ್ವೋ ಗೊತ್ತಾಗೋದು ಹೇಗೆ? ನೀನೊಳ್ಳೆ..."

"ಹೊಸ ಡ್ರೈವರಿಗೆ ನಿಮ್ಮ ರೂಟ್ ಕಲಿಸ್ತೀರಲ್ಲ, ಹೇಗೆ ಕಲಿಸ್ತೀರಿ? ಬಸ್ ತುಂಬ ಜನ ಇಟ್ಕೊಂಡು, ಈಗ ಎಡಕ್ಕೋ ಬಲಕ್ಕೋ ಊಹಿಸು ನೋಡೋಣ ಅಂತೀರಾ?"

"ಛೆ, ಹಾಗಂದ್ರೆ ಗೋಡೆಗೆ ಗುದ್ದುತ್ತಾನೆ. ಪಕ್ಕದಲ್ಲಿ ಕೂತು, ತಿರುವು ಬರೋಕೆ ಮೊದಲೇ ಹೇಳ್ತೀನಿ."

"ಮೊದಲೇ ಹೇಳ್ತೀರಿ. ಬೇರೆಯವರ ಮಗನಿಗೆ ಮೊದಲೇ ಹೇಳ್ತೀರಿ. ಹೆಂಡತಿ ಮಾತ್ರ ಗೋಡೆಗೆ ಗುದ್ದಲಿ, ನೀವು ನಿಂತು ನಗಿ!"

ಭಾವನ ನಗು ಆರಿಹೋಯಿತು. ಅವನು ಹೆಂಡತಿಯನ್ನು ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತಾನೇನು ಮಾಡಿದೆನೆಂದು ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದಳು. ಭಾವ ಕೆಂಡಳ ಕಡೆ ತಿರುಗಿ, "ನನಗೆ ಗೊತ್ತಿರಲಿಲ್ಲ ಕಣಮ್ಮ," ಎಂದ.

"ನನಗೂ ಗೊತ್ತಿರಲಿಲ್ಲ," ಎಂದಳು ಕೆಂಡ. "ನಾನೂ ಇದೇ ಮಾತು ಆಡ್ತಿದ್ದೆ, ಇದೇ ದನೀಲಿ. ಈಗ ಹೊರಗೆ ನಿಂತು ಕೇಳಿದಾಗ ಅಸಹ್ಯ ಆಯ್ತು."

ಮತ್ತೆ ಉದ್ದ ರಿಬ್ಬನ್ನು, ಮತ್ತೆ ಕೈ ಹಿಡಿಯುವುದು. ನಾಲ್ಕು ದಿನದ ಪಾಠ ಹಿಂದಕ್ಕೆ ಹೋಯಿತು. ಈ ಸಲ ಭಾವನೂ ಕೂತ. ಅವನೇ ಅಡುಗೆಮನೆಯ ಕಪಾಟುಗಳ ಮೇಲೆ ಚಿತ್ರ ಬರೆದು ಅಂಟಿಸಿದ, ಚಮಚದ ಖಾನೆಗೆ ಚಮಚ, ಫ್ರಿಜ್ಜಿಗೆ ಮೊಟ್ಟೆ. ಮೊಟ್ಟೆ ಆಲೂಗಡ್ಡೆಯ ಹಾಗೆ ಕಾಣುತ್ತಿತ್ತು. ಆದರೂ ಕೆಲಸಕ್ಕೆ ಬಂತು.

ತಿಂಗಳು ತುಂಬಿದ ದಿನ ಅಕ್ಕ ಏಳು ಗಂಟೆಗೆ ಬಾಗಿಲಲ್ಲಿ ನಿಂತಾಗ ಕೆಂಡ, "ನಡಿ ಅಕ್ಕ, ಕೆಲಸಕ್ಕೆ ಹೊತ್ತಾಯ್ತು," ಎಂದಳು. ಅಕ್ಕನಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಚಪ್ಪಲಿ ಮೆಟ್ಟಿ ಹೊರಟಳು.

ಲಾಂಡ್ರಿಯಲ್ಲಿ ಯಜಮಾನಿ ಮೇಜಿನ ಮೇಲೆ ಒಂದು ಮೂಟೆ ಸುರಿದು ಕಾಯುತ್ತಿದ್ದಳು. ಸುತ್ತ ನಾಲ್ಕು ಜನ ನೋಡಲು ನಿಂತಿದ್ದರು. ಅಕ್ಕನ ಬದಲಿಗೆ ಬಂದಿದ್ದ ತಾತ್ಕಾಲಿಕದವಳು ಆ ತಿಂಗಳಲ್ಲಿ ಗಿರಾಕಿಗಳ ಎರಡು ಬಿಳಿ ಉಣ್ಣೆ ಶಾಲನ್ನು ಕುದಿ ನೀರಿಗೆ ಹಾಕಿ ಕರ್ಚೀಫಿನಷ್ಟು ಮಾಡಿದ್ದಳು. ಯಜಮಾನಿಗೆ ತಲೆ ಬಿಸಿಯಾಗಿಯೇ ಇತ್ತು. ಅವಳು ಒಂದು ಬಿಳಿ ಸ್ವೆಟರ್ ಎತ್ತಿ ಹಿಡಿದಳು.

"ಎಲ್ಲಿ, ಇದು ಯಾವ..."

"ಕೇಳ್ಬೇಡಿ!" ಎಂದು ಕೆಂಡ ಅಡ್ಡ ಬಂದಳು. ಇಡೀ ಲಾಂಡ್ರಿ ತಿರುಗಿ ನೋಡಿತು. "ಅವಳು ಬಂದಿರೋದು ಕೆಲಸ ಮಾಡೋಕೆ, ಪರೀಕ್ಷೆ ಬರೆಯೋಕಲ್ಲ. ಮೇಜು ಬಿಟ್ಕೊಡಿ. ಪ್ರತಿ ಬುಟ್ಟೀಲೂ ಒಂದೊಂದು ಬಟ್ಟೆ ನಾನು ಮೊದಲೇ ಹಾಕಿರ್ತೀನಿ, ಅವಳಿಗೆ ನೋಡಿಕೊಳ್ಳೋಕೆ. ಅರ್ಧ ಗಂಟೆ ಯಾರೂ ಬಾಯಿ ಬಿಡಬಾರದು. ಆಮೇಲೆ ಬುಟ್ಟಿ ನೋಡಿ ನೀವೇ ಹೇಳಿ."

ಯಜಮಾನಿ ಹುಬ್ಬು ಗಂಟಿಕ್ಕಿದಳು, ಆದರೆ ಪಕ್ಕಕ್ಕೆ ಸರಿದಳು.

ಅಕ್ಕ ಶುರು ಮಾಡಿದಳು. ಮೊದಲಿನ ವೇಗ ಇರಲಿಲ್ಲ. ಒಂದೊಂದನ್ನೇ ಎತ್ತಿ, ಬುಟ್ಟಿಗಳನ್ನು ನೋಡಿ, ಬೆರಳಲ್ಲಿ ಉಜ್ಜಿ ಹಾಕುತ್ತಿದ್ದಳು. ಹಾಸಿಗೆ ಬಟ್ಟೆ, ಬಿಸಿ. ಕೆಂಪು ಪರದೆ, ತಣ್ಣೀರು. ಬಿಳಿ ಸ್ವೆಟರ್ ಕೈಗೆ ಬಂತು. ಕೆಂಡ ತಡೆಯಲು ಕೈ ಮುಂದೆ ಮಾಡಿಕೊಂಡು ನಿಂತಳು. ಅಕ್ಕನ ಬೆರಳು ಒಮ್ಮೆ ಉಜ್ಜಿತು, ಎರಡು ಸಲ ಉಜ್ಜಿತು.

"ಚುಚ್ಚುತ್ತೆ," ಎಂದಳು. ಸ್ವೆಟರ್ ಕೈ ಬುಟ್ಟಿಗೆ ಬಿತ್ತು.

ಮೂಟೆ ಮುಗಿಯುತ್ತ ಬಂದಾಗ ಒಂದು ರವಿಕೆ ಬಂತು. ತೆಳ್ಳಗೆ, ನುಣ್ಣಗೆ, ಹತ್ತಿಯೂ ಅಲ್ಲದ ಉಣ್ಣೆಯೂ ಅಲ್ಲದ ಬಟ್ಟೆ. ಅಕ್ಕ ಅದನ್ನು ಉಜ್ಜಿದಳು, ತಿರುಗಿಸಿದಳು. ಯಾವ ಬುಟ್ಟಿಗೂ ಹಾಕಲಿಲ್ಲ. ತಂಗಿಯ ಕಡೆ ಚಾಚಿ, "ತೋರಿಸು," ಎಂದಳು.

"ನೋಡಿದ್ಯಾ!" ಎಂದಳು ಯಜಮಾನಿ. "ಗೊತ್ತಾಗಲ್ಲ ಅವಳಿಗೆ. ಹೀಗೆ ಕೇಳ್ತಾ ಕೂತರೆ ಕೆಲಸ ಸಾಗೋದು ಹೇಗೆ?"

ಕೆಂಡ ಆ ರವಿಕೆಯನ್ನು ತೆಗೆದುಕೊಂಡು ಯಜಮಾನಿಯ ಕೈಗೇ ಇಟ್ಟಳು. "ಅಮ್ಮಾವ್ರೇ, ನೀವೇ ಹೇಳಿ. ಯಾವ ಬುಟ್ಟಿಗೆ?"

ಯಜಮಾನಿ ಮುಟ್ಟಿ ನೋಡಿದಳು. ಹೇಗೆ ಒಗೆಯಬೇಕೆಂದು ಬರೆದಿರುವ ಒಳಗಿನ ಚೀಟಿ ಹುಡುಕಿದಳು, ಅದು ಎಂದೋ ಅಳಿಸಿಹೋಗಿತ್ತು. ಬೆಳಕಿಗೆ ಹಿಡಿದು ನೋಡಿದಳು. ನಾಲ್ಕು ಜನ ಕಾಯುತ್ತಿದ್ದರು.

"ನನಗೂ ಗೊತ್ತಾಗ್ತಿಲ್ಲ," ಎಂದಳು ಕೊನೆಗೆ.

"ಗೊತ್ತಾಗದೇ ಇದ್ರೂ ಊಹಿಸಿ ಹಾಕಿದವಳು ಎರಡು ಶಾಲು ಹಾಳು ಮಾಡಿದ್ಲು. ಗೊತ್ತಾಗದಿದ್ದಾಗ ನಿಲ್ಲಿಸಿ ಕೇಳೋಳು ಇವಳು. ಇವರಿಬ್ರಲ್ಲಿ ಯಾರು ಬೇಕು ನಿಮಗೆ?"

ಯಜಮಾನಿ ಮೇಜಿನ ಹತ್ತಿರ ಬಂದಳು. ಮೂರು ಬುಟ್ಟಿಗೂ ಕೈ ಹಾಕಿ ತಳದವರೆಗೆ ತೆಗೆದು ನೋಡಿದಳು. ಒಂದೂ ತಪ್ಪಿರಲಿಲ್ಲ. "ನಿನ್ನ ಇಸ್ತ್ರಿ ಮೇಜು ಇಲ್ಲಿ ಪಕ್ಕಕ್ಕೆ ಎಳ್ಕೋ," ಎಂದಳು. "ಅವಳು ತೋರಿಸು ಅಂದಾಗ ತೋರಿಸು. ಸದ್ಯಕ್ಕೆ ನಿಮ್ಮಕ್ಕ ಅರ್ಧ ದಿನ ಬರಲಿ."

ಅಕ್ಕ ಆಗಲೇ ಇನ್ನೊಂದು ಮೂಟೆಯ ಗಂಟು ಬಿಚ್ಚುತ್ತಿದ್ದಳು. ರಬ್ಬರ್ ಹಾಸು ಮಾತ್ರ ಇನ್ನೂ ಬಂದಿಲ್ಲ. ಕೆಂಡ ದಿನಾ ಅದಕ್ಕಾಗಿ ಜಗಳವಾಡುತ್ತಾಳೆ. ಆಡಲಿ.

ಈಗ ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ನೇರವಾಗಿ ಒಂದು ಮಾತು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ತಲೆಗೆ ಪೆಟ್ಟು ಬಿದ್ದು, ಇಲ್ಲವೇ ಕಾಯಿಲೆಯಿಂದ ಹೊಸ ನೆನಪು ನಿಲ್ಲದವರು ಇರಬಹುದು. ಅವರನ್ನು ಹಠಮಾರಿ ಎಂದು ಬೈಯಬೇಡಿ. ಆಸ್ಪತ್ರೆಗೆ ಹೋದಾಗ ಮಾತ್ರೆ ಚೀಟಿ ತೆಗೆದುಕೊಂಡು ಸುಮ್ಮನೆ ವಾಪಸ್ ಬರಬೇಡಿ, ಕಲಿಸುವ ಥೆರಪಿಯವರು ಎಲ್ಲಿದ್ದಾರೆ ಎಂದು ಗಟ್ಟಿಯಾಗಿ ಕೇಳಿ. ಬಟ್ಟೆಯಿರಲಿ, ಪಾತ್ರೆಯಿರಲಿ, ಮಾತ್ರೆಯಿರಲಿ, ಯಾವುದು ಯಾವ ಗುಂಪಿಗೆ ಎಂದು ಮೊದಲು ನೀವು ತೋರಿಸಿ, ಜೊತೆಯಲ್ಲಿ ಮಾಡಿಸಿ, ಆಮೇಲೆ ಮೆಲ್ಲಗೆ ಕೈ ಬಿಡಿ.

ಮತ್ತೆ, ಅಂಥವರನ್ನು ನೋಡಲು ಹೋದಾಗ ನಾವೆಲ್ಲ ಮಾಡುವ ಒಂದು ಕೆಲಸವಿದೆ. ಮಂಚದ ಹತ್ತಿರ ಬಗ್ಗಿ, "ನಾನ್ಯಾರು ಹೇಳು ನೋಡೋಣ" ಎನ್ನುತ್ತೇವೆ. ಅವರು ಹೆದರಿ ಇನ್ಯಾರದೋ ಹೆಸರು ಹೇಳುತ್ತಾರೆ. ಸುತ್ತ ಇದ್ದವರು ನಗುತ್ತಾರೆ. ಆ ತಪ್ಪು ಹೆಸರು ನಿಮ್ಮ ಮುಖಕ್ಕೆ ಅಂಟಿಕೊಂಡು ಕೂರುತ್ತದೆ, ಅಂಟಿಸಿದವರು ನೀವೇ. ನಾಳೆ ಹೋದಾಗ ಹಾಗೆ ಕೇಳಬೇಡಿ. ಪಕ್ಕದಲ್ಲಿ ಕೂತು, ಅವರ ಕೈ ಹಿಡಿದು, ನಿಮ್ಮ ಹೆಸರನ್ನು ನೀವೇ ಮೊದಲು ಹೇಳಿ.